ಪಂಚಾಂಗದ ಅಂಚಿನ ಕಪ್ಪೆಗಳು

ಪ್ರತಿ ಯುಗಾದಿಗೂ ಮೇಷ್ಟರು ತಿಪಟೂರಿನ ಪೇಟೆಯಿಂದ ಒಂದು ಒಂಟಿಕೊಪ್ಪಲ್ ಪಂಚಾಂಗವನ್ನು ತರುವರು. ತಿಥಿ ನಕ್ಷತ್ರಗಳಿಗಾಗಿ ಅದನ್ನು ತೆರೆಯುವವರು ಅವರ ಪತ್ನಿ. ಮೇಷ್ಟರಿಗೆ ಬೇಕಾದದ್ದು ಅದರ ಅಂಚು. ಅಚ್ಚಿನ ಸಾಲುಗಳ ಹೊರಗೆ ಉಳಿದ ಎರಡು ಬೆರಳಗಲದ ಆ ಬಿಳಿಯ ಜಾಗದಲ್ಲಿ ಸಂಸಾರದ ಇತಿಹಾಸವನ್ನೆಲ್ಲ ಅವರು ಬರೆದಿಡುವರು. ಹಸು ಕರು ಹಾಕಿದ ದಿನ, ರಾಗಿ ಕಡ ಕೊಂಡುಹೋದವರ ಹೆಸರು, ಬಾವಿಯ ನೀರು ಎಷ್ಟು ಮೆಟ್ಟಿಲು ಇಳಿಯಿತೆಂಬ ಲೆಕ್ಕ, ಮಗಳ ಹೆರಿಗೆ, ಕೊಬ್ಬರಿಯ ಧಾರಣೆ, ಎಲ್ಲವೂ ಅಲ್ಲಿ ಒಂದೇ ಅಳತೆಯ ಅಕ್ಷರಗಳಲ್ಲಿ ಸಾಲಾಗಿ ನಿಂತಿವೆ. ಇವುಗಳ ನಡುವೆ ವರ್ಷಕ್ಕೊಮ್ಮೆ ತಪ್ಪದೆ ಬರುತ್ತಿದ್ದ ಇನ್ನೊಂದು ಸಾಲು: ‘ಭರಣಿ ಮಳೆ. ಕಪ್ಪೆ ಕೂಗಿತು.’ ಕೆಲವು ವರ್ಷ ಭರಣಿಯ ಬದಲು ಕೃತ್ತಿಕೆ. ಮಳೆ ತೀರ ಕೈಕೊಟ್ಟ ವರ್ಷ ರೋಹಿಣಿ. ಕಪ್ಪೆ ಮಾತ್ರ ಬದಲಾಗುತ್ತಿರಲಿಲ್ಲ.

ಮೇಷ್ಟರ ಊರು ನೊಣವಿನಕೆರೆಗೆ ಸಮೀಪದ ಒಂದು ಸಣ್ಣ ಹಳ್ಳಿ. ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಶಾಲೆಗಳಲ್ಲಿ ಮೂರೂವರೆ ದಶಕ ಕನ್ನಡ ಪಾಠ ಹೇಳಿ ೨೦೦೪ರಲ್ಲಿ ಅವರು ನಿವೃತ್ತರಾದರು. ಅದುವರೆಗೆ ಭಾನುವಾರದ ತೋಟಗಾರರಾಗಿದ್ದವರು ಅಂದಿನಿಂದ ಏಳು ದಿನದ ತೋಟಗಾರರಾದರು. ತಂದೆ ಬಿಟ್ಟುಹೋದ ಮೂರು ಎಕರೆ ತೆಂಗು. ಅದರ ನಡುವೆ ಒಂದು ಹೆಂಚಿನ ಮನೆ. ಮನೆಯ ಅರ್ಧವನ್ನು ಮನುಷ್ಯರೂ ಉಳಿದರ್ಧವನ್ನು ಅಟ್ಟದ ಮೇಲಿನ ತೆಂಗಿನಕಾಯಿಗಳೂ ಹಂಚಿಕೊಳ್ಳುವುದು ಆ ಸೀಮೆಯ ಪದ್ಧತಿ. ಹತ್ತು ಹನ್ನೊಂದು ತಿಂಗಳು ಆ ಕಾಯಿಗಳು ಕತ್ತಲಲ್ಲಿ ತಪಸ್ಸು ಮಾಡಿ, ಒಳಗಿನ ನೀರನ್ನೆಲ್ಲ ತಾವೇ ಕುಡಿದು, ಅಲುಗಾಡಿಸಿದರೆ ಗುಡುಗುಡು ಎನ್ನುವ ಉಂಡೆ ಕೊಬ್ಬರಿಯಾಗಿ ಕೆಳಗಿಳಿಯುವುವು. ಅವಸರದವರಿಗೆ ಹೇಳಿ ಮಾಡಿಸಿದ ಬೆಳೆಯಲ್ಲ ಇದು. ಇಂದು ಕಿತ್ತ ಕಾಯಿಯ ಹಣವನ್ನು ಮುಂದಿನ ವರ್ಷ ಎಣಿಸಬೇಕು. ಇಂದು ಮಾಡಿದ ತಪ್ಪಿನ ಫಲವನ್ನೂ ಹಾಗೆಯೇ.

ನಿವೃತ್ತಿಯಾದ ಎರಡನೆಯ ಮಳೆಗಾಲ. ರಾತ್ರಿಯೆಲ್ಲ ಹದವಾದ ಮಳೆ ಬಿದ್ದಿದ್ದಿತು. ಬೆಳಗ್ಗೆ ಕಾಫಿ ಕೊಡುತ್ತ ಪತ್ನಿ ಹೇಳಿದರು:

“ಈ ಸಲ ಕಣ್ತುಂಬ ನಿದ್ದೆ ಬಂತು ಕಣ್ರೀ. ಕಪ್ಪೆಗಳ ಕಾಟವೇ ಇಲ್ಲ ನೋಡಿ.”

ಮೇಷ್ಟರು ಲೋಟವನ್ನು ಕೆಳಗಿಟ್ಟರು. ಮಳೆಯ ಸಾಲನ್ನು ಅವರು ಆಗಲೇ ಬರೆದಾಗಿದ್ದಿತು; ಅಭ್ಯಾಸಬಲದಿಂದ ಕಪ್ಪೆಯನ್ನೂ ಕೂಗಿಸಿಬಿಟ್ಟಿದ್ದರು. ಎದ್ದುಹೋಗಿ ಆ ಎರಡು ಮಾತುಗಳನ್ನು ಹೊಡೆದುಹಾಕಿದರು. ಮೂರೂವರೆ ದಶಕ ಮಕ್ಕಳ ಕಾಪಿ ತಿದ್ದಿದ ಕೈ. ತನ್ನ ಬರವಣಿಗೆಯಲ್ಲಿ ಸುಳ್ಳು ಉಳಿಯುವುದನ್ನು ಸಹಿಸದು.

ಪಂಚಾಂಗದ ಅಂಚು ವಿಜ್ಞಾನವಲ್ಲ. ಕಪ್ಪೆ ಕಡಿಮೆಯಾಗುವುದಕ್ಕೆ ನೂರು ಕಾರಣಗಳಿರಬಹುದು. ಮೇಷ್ಟರೇ ಅವುಗಳನ್ನು ಬೆರಳು ಮಡಿಸಿ ಎಣಿಸಬಲ್ಲರು. ಕಟ್ಟೆಗಳು ಹೂಳು ತುಂಬಿದವು. ಕೊಳವೆ ಬಾವಿಗಳು ಬಂದಮೇಲೆ ತೆರೆದ ಬಾವಿಗಳು ಬತ್ತಿದವು. ತೋಟಕ್ಕೆ ಹನಿ ನೀರಾವರಿ ಬಂದು ಮರದ ಬುಡದ ಪಾತಿಗಳಲ್ಲಿ ನೀರು ನಿಲ್ಲುವುದು ತಪ್ಪಿತು. ರಸ್ತೆ ಅಗಲವಾಯಿತು. ಇದೆಲ್ಲ ಊರಿನ ಲೆಕ್ಕ. ಆದರೆ ಇವುಗಳ ಹಿಂದೆ ತಮ್ಮ ಸ್ವಂತ ಕೈಯ ಲೆಕ್ಕವೊಂದು ಇದೆಯೆಂಬುದನ್ನು ಅವರು ಆ ಬೆಳಗ್ಗೆಯಿಂದ ಮರೆಯಲಾರದವರಾದರು.

ಆ ಲೆಕ್ಕ ಹೀಗೆ. ಅವರು ಹುಡುಗರಾಗಿದ್ದಾಗ ಮಲೇರಿಯಾ ಇಲಾಖೆಯವರು ಬಂದು ಮನೆಯ ಗೋಡೆಗಳಿಗೆಲ್ಲ ಡಿಡಿಟಿ ಹೊಡೆದು ಹೋಗುತ್ತಿದ್ದರು. ಬಿಳಿಯ ಕಲೆಗಳು ತಿಂಗಳುಗಟ್ಟಲೆ ಉಳಿಯುತ್ತಿದ್ದುವು. ಜ್ವರ ನಿಂತಿತು, ಊರು ಹರಸಿತು. ಆಮೇಲೆ ಸುಳಿ ಕೊರೆಯುವ ಕೊಂಬಿನ ದುಂಬಿಗೆ ಬಿಎಚ್‌ಸಿ ಪುಡಿ ಬಂತು. ಅದನ್ನು ಮರಳಿನೊಡನೆ ಬೆರೆಸಿ ಎಳೆ ಗರಿಗಳ ಬುಡದ ಸಂದುಗಳಲ್ಲಿ ತುಂಬುವುದು ಆಗಿನ ಕ್ರಮ. ಮರ ಹತ್ತುವವನ ಸೊಂಟಕ್ಕೆ ಪುಡಿಯ ಚೀಲ ಕಟ್ಟಿ, ಕೆಳಗೆ ನಿಂತು ‘ಇನ್ನೊಂದು ಹಿಡಿ ಹಾಕಪ್ಪಾ’ ಎಂದವರು ಮೇಷ್ಟರೇ. ಆ ಬಿಎಚ್‌ಸಿಯನ್ನು ೧೯೯೭ರಲ್ಲಿ ಭಾರತದಲ್ಲಿ ನಿಷೇಧಿಸಿದರು. ಅದರ ಮರುವರ್ಷವೇ, ೧೯೯೮ರಲ್ಲಿ, ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ತೆಂಗಿನ ನುಸಿ ಕಾಣಿಸಿಕೊಂಡಿತು.

ನುಸಿಯ ವೃತ್ತಾಂತವನ್ನು ತಿಪಟೂರು ಸೀಮೆಯವರಿಗೆ ಹೇಳಬೇಕಾಗಿಲ್ಲ. ಪಟ್ಟಣದ ಓದುಗರಿಗಾಗಿ ಎರಡು ಮಾತು. ಕಾಲು ಮಿಲಿಮೀಟರಿನಷ್ಟು ಉದ್ದದ, ಬರಿಗಣ್ಣಿಗೆ ಕಾಣದ ಜೀವಿ ಅದು. ಮೆಕ್ಸಿಕೊ ದೇಶದ ಗೆರೆರೊ ಎಂಬ ಸೀಮೆಯಲ್ಲಿ ಸಿಕ್ಕಿದ್ದರಿಂದ ೧೯೬೫ರಲ್ಲಿ ಅದಕ್ಕೆ ಆ ಸೀಮೆಯ ಹೆಸರನ್ನೇ ಇಟ್ಟರು. ಎಳೆಯ ಹರಳುಗಳ ತೊಟ್ಟಿನ ಟೊಪ್ಪಿಗೆಯ ಕೆಳಗೆ ಸಾವಿರಗಟ್ಟಲೆ ಸೇರಿ ರಸ ಹೀರುವುದು. ಹರಳು ಉದುರುವುದು, ಉದುರದೆ ಉಳಿದ ಕಾಯಿ ಕಂದು ಬಣ್ಣಕ್ಕೆ ತಿರುಗಿ, ಸಿಡಿಬು ಬಂದ ಮೋರೆಯಂತಾಗಿ, ಮುಷ್ಟಿ ಗಾತ್ರಕ್ಕೇ ನಿಂತುಬಿಡುವುದು. ಒಂದೆರಡು ವರ್ಷಗಳಲ್ಲಿ ಅದು ಘಟ್ಟ ಹತ್ತಿ ಕಲ್ಪತರು ನಾಡಿಗೆ ಬಂತು. ಅಟ್ಟಗಳು ಅರ್ಧಕ್ಕಿಳಿದವು. ಮೇಷ್ಟರ ಮನೆಯಲ್ಲಿ ಮಗಳ ಮದುವೆ ನಿಶ್ಚಯವಾಗಿದ್ದುದು ಅದೇ ವರ್ಷ.

ಅಂಥ ಸಮಯದಲ್ಲಿ ಔಷಧದ ಬಾಟಲಿಯನ್ನು ಬೇಡವೆನ್ನುವವನು ಸಂನ್ಯಾಸಿಯಾಗಿರಬೇಕು. ನುಸಿಗೆ ಆರಂಭದಲ್ಲಿ ಹೇಳಿದ ಔಷಧಗಳಲ್ಲಿ ಎರಡು ಮುಖ್ಯವಾದುವು: ಗೊನೆಗೆ ಸಿಂಪಡಿಸುವ ಡೈಕೋಫಾಲ್, ಬೇರಿಗೆ ಉಣಿಸುವ ಮಾನೊಕ್ರೊಟೊಫಾಸ್. ಬೇರುಣಿಸುವ ಕೆಲಸವನ್ನು ಮೇಷ್ಟರು ಕೂಲಿಯವರಿಗೆ ಬಿಡದೆ ತಾವೇ ಮಾಡಿದರು. ಬುಡವನ್ನು ಅಗೆದು, ಪೆನ್ಸಿಲ್ ಗಾತ್ರದ ಜೀವಂತ ಬೇರನ್ನು ಹುಡುಕಿ, ಓರೆಯಾಗಿ ಕತ್ತರಿಸಿ, ಔಷಧ ತುಂಬಿದ ಪುಟ್ಟ ಪ್ಲಾಸ್ಟಿಕ್ ಚೀಲದೊಳಗೆ ಅದರ ತುದಿಯನ್ನಿಳಿಸಿ ದಾರದಿಂದ ಕಟ್ಟುವುದು. ಮರುದಿನ ಹೋಗಿ ಮರವು ಅದನ್ನು ಕುಡಿದಿದೆಯೋ ಇಲ್ಲವೋ ಎಂದು ನೋಡುವುದು. ನಲವತ್ತೈದು ದಿನ ಆ ಮರದ ಕಾಯಿಯನ್ನು ಯಾರಿಗೂ ಕೊಡದಿರುವುದು. ಮಗುವಿಗೆ ಹಾಲು ಕುಡಿಸಿದಷ್ಟು ಎಚ್ಚರದಿಂದ ಮಾಡಿದ ಕೆಲಸ. ಮಗಳ ಮದುವೆಯೂ ಆಯಿತು.

ಇಲ್ಲಿ ಭಾಷೆಯ ಒಂದು ವಿನೋದವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ತೋಟಕ್ಕೆ ಹೊಡೆಯುವ ವಿಷವನ್ನು ಬಯಲು ಸೀಮೆಯವರು ‘ಔಷಧ’ ಎನ್ನುವರು. ಕರಾವಳಿಯವರು ‘ಮದ್ದು’ ಎನ್ನುವರು. ಕನ್ನಡದ ಮದ್ದು ಬಹುರೂಪಿ. ರೋಗ ಕಳೆಯುವುದೂ ಮದ್ದು, ಬಂದೂಕಿಗೆ ತುಂಬುವುದೂ ಮದ್ದು. ಹಳ್ಳಿಯ ಅಜ್ಜಿಯರು ಗುಟ್ಟಾಗಿ ಹೇಳುವ ಮದ್ದು ಇನ್ನೊಂದಿದೆ. ಯಾರೋ ಊಟದಲ್ಲಿ ‘ಮದ್ದು ಹಾಕಿದರು’ ಎಂದರೆ ತಿಂದವನು ಆ ಹೊತ್ತು ಸಾಯನು. ಎದ್ದು ಓಡಾಡುವನು, ಊಟ ಮಾಡುವನು. ಆದರೆ ಒಳಗೊಳಗೆ ಸೊರಗುವನು, ಅವನ ಮನೆಯಲ್ಲಿ ತೊಟ್ಟಿಲು ಕಟ್ಟದು. ವೈದ್ಯರು ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವರು, ಸರಿಯೇ. ಮನುಷ್ಯರ ವಿಷಯದಲ್ಲಿ ಅಜ್ಜಿಯರು ಹೇಳಿದ್ದು ಸುಳ್ಳಿರಬಹುದು. ಕಪ್ಪೆ, ಮೀನು, ಮೊಸಳೆಗಳ ವಿಷಯದಲ್ಲಿ ಅಂಥ ಮದ್ದು ನಿಜವಾಗಿಯೂ ಇದೆಯೆಂದು ಕಳೆದ ಶತಮಾನದ ಕೊನೆಯಲ್ಲಿ ಪ್ರಾಣಿಶಾಸ್ತ್ರಜ್ಞರು ಕಂಡುಕೊಂಡರು.

ಮೇಷ್ಟರಿಗೆ ಇದರ ಸುಳಿವು ಸಿಕ್ಕಿದ್ದು ಪುಸ್ತಕದಿಂದಲ್ಲ, ತೀರ್ಥಯಾತ್ರೆಯಿಂದ. ೨೦೧೧ರ ಬೇಸಗೆಯಲ್ಲಿ ದಂಪತಿಗಳು ಧರ್ಮಸ್ಥಳಕ್ಕೆ ಹೋದವರು, ಸುಬ್ರಹ್ಮಣ್ಯದ ದಾರಿಯಲ್ಲಿ ಕೊಕ್ಕಡದ ಸೌತಡ್ಕ ಗಣಪತಿಯ ದರ್ಶನಕ್ಕೆ ಇಳಿದರು. ಗುಡಿಯಿಲ್ಲದೆ, ಗೋಪುರವಿಲ್ಲದೆ ಬಯಲಿನಲ್ಲಿ ಕುಳಿತ ದೇವರು. ಹರಕೆಯ ಗಂಟೆಗಳು ಸುತ್ತಲೂ ತೂಗುತ್ತಿರುವುವು. ಗಂಟೆ ಮಾರುವ ಅಂಗಡಿಯೊಂದರ ಮೂಲೆಯಲ್ಲಿ ಚಾಪೆಯ ಮೇಲೆ ಒಬ್ಬ ಹುಡುಗ ಮಲಗಿದ್ದನು. ಹತ್ತು ವರ್ಷವಿರಬಹುದೆಂದುಕೊಂಡು ಮೇಷ್ಟರ ಪತ್ನಿ, “ಶಾಲೆಗೆ ಹೋಗುವನೇನಮ್ಮಾ?” ಎಂದು ಕೇಳಿದರು.

“ಇಲ್ಲಮ್ಮ, ಇವನಿಗೆ ಇಪ್ಪತ್ತೊಂದು ಆಯ್ತು,” ಎಂದಳು ಅಂಗಡಿಯಾಕೆ. ಎಷ್ಟೋ ಮಂದಿಗೆ ಎಷ್ಟೋ ಸಲ ಹೇಳಿದವಳ ದನಿ ಅದು. “ಗೇರು ಗುಡ್ಡೆ ಉಂಟಲ್ಲ, ಅದಕ್ಕೆ ಹೆಲಿಕಾಪ್ಟರಲ್ಲಿ ಮದ್ದು ಬಿಡ್ತಿದ್ರು. ನಾವು ಸಣ್ಣವರಿರುವಾಗ ನೋಡ್ಲಿಕ್ಕೆ ಓಡ್ತಿದ್ದೆವು ಮಾರಾಯ್ರೆ, ಕೈ ಬೀಸ್ತಿದ್ದೆವು. ಮೊದಲು ಜೇನು ಹೋಯ್ತು. ಮತ್ತೆ ತೋಡಿನ ಮೀನು. ಆಗ ನಮಗೆ ಗೊತ್ತಾಗ್ಲಿಲ್ಲ.”

ಮೇಷ್ಟರು ಗಂಟೆಯೊಂದನ್ನು ಕೊಂಡರು. ಚಿಲ್ಲರೆಯನ್ನು ತೆಗೆದುಕೊಳ್ಳಲು ಮರೆತರು.

ಕೊಕ್ಕಡ ಮತ್ತು ಅದರ ನೆರೆಯ ಊರುಗಳ ಗೇರು ತೋಟಗಳಿಗೆ ೧೯೮೦ರಿಂದೀಚೆಗೆ ಸುಮಾರು ಎರಡು ದಶಕ ಹೆಲಿಕಾಪ್ಟರಿನಿಂದ ಸುರಿದುದು ಎಂಡೋಸಲ್ಫಾನ್. ಗೇರಿನ ಚಿಗುರನ್ನು ಹೀರುವ ಟೀ ಸೊಳ್ಳೆಯೆಂಬ ಕೀಟಕ್ಕಾಗಿ ಅದನ್ನು ತಂದಿದ್ದರು. ಗಡಿಯಾಚೆ ಕಾಸರಗೋಡಿನಲ್ಲಿಯೂ ಇದೇ ಕಥೆ, ಇನ್ನೂ ದೊಡ್ಡ ಪ್ರಮಾಣದಲ್ಲಿ. ಎಣ್ಮಕಜೆ ಪಂಚಾಯತಿಯ ಪಡ್ರೆ ಎಂಬ ಗ್ರಾಮ. ಮನೆಮಾತು ಕನ್ನಡ, ತುಳುಗಳಾದ ಊರು. ಅಲ್ಲಿನ ಒಂದು ಜಾಗದ ಹೆಸರೇ ಸ್ವರ್ಗ. ಆ ಸ್ವರ್ಗದ ಗುಡ್ಡಗಳ ಮೇಲೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿದ್ದುವು. ಎಪ್ಪತ್ತರ ದಶಕದ ಕೊನೆಯಿಂದ ೨೦೦೦ದವರೆಗೆ ಆಕಾಶದಿಂದ ಮದ್ದು ಬಿದ್ದಿತು; ಗುಡ್ಡದ ಮೇಲೆ ಬಿದ್ದುದು ಮಳೆಗೆ ತೋಡುಗಳಲ್ಲಿ ಇಳಿದು ಬಾವಿಗಳನ್ನು ಸೇರಿತು. ಸೊಟ್ಟಗಾಲಿನ ಕರುಗಳು ಹುಟ್ಟುತ್ತಿರುವುದನ್ನು ಅದೇ ಊರಿನ ಪತ್ರಕರ್ತರಾದ ಶ್ರೀ ಪಡ್ರೆಯವರು ಎಂಬತ್ತರ ದಶಕದ ಆರಂಭದಲ್ಲಿಯೇ ಬರೆದರು. ಗಮನಿಸಬೇಕಾದ ಮಾತು ಇದು: ಸುದ್ದಿಯನ್ನು ಮೊದಲು ತಂದುದು ಕೊಟ್ಟಿಗೆ. ಊರವರು ಜೇನ್ನೊಣ ಕಾಣೆಯಾದುದನ್ನೂ ತೋಡಿನಲ್ಲಿ ಮೀನು ಕಪ್ಪೆಗಳು ಇಲ್ಲವಾದುದನ್ನೂ ಮಾತನಾಡಿಕೊಂಡರು. ಮನುಷ್ಯರ ಮಕ್ಕಳ ಸರದಿ ಆಮೇಲೆ ಬಂತು. ವಾಣೀನಗರದಲ್ಲಿ ವೈದ್ಯರಾಗಿದ್ದ ಡಾ. ವೈ. ಎಸ್. ಮೋಹನ ಕುಮಾರರು, ಇಷ್ಟು ಸಣ್ಣ ಊರಿನಲ್ಲಿ ಇಷ್ಟೊಂದು ಬಗೆಯ ರೋಗಗಳು ಏಕೆಂದು ಕೇಳತೊಡಗಿದರು. ಕೃಷಿ ಇಲಾಖೆಯ ನೌಕರರಾಗಿದ್ದ ಲೀಲಾಕುಮಾರಿ ಅಮ್ಮನವರು ೧೯೯೮ರಲ್ಲಿ ನ್ಯಾಯಾಲಯಕ್ಕೆ ಹೋಗಿ ಸಿಂಪಡಣೆಗೆ ತಡೆ ತಂದರು.

ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಗೆ ಬಂದು ೧೧೭ ಬಾಲಕರನ್ನೂ, ಸಿಂಪಡಣೆಯಿಲ್ಲದ ಇನ್ನೊಂದು ಗ್ರಾಮದ ೯೦ ಬಾಲಕರನ್ನೂ ಪರೀಕ್ಷಿಸಿದರು. ೨೦೦೩ರಲ್ಲಿ ಅಚ್ಚಾದ ಅವರ ವರದಿಯಂತೆ ಪಡ್ರೆಯ ಹುಡುಗರು ಪ್ರಾಯಕ್ಕೆ ಬರುವುದು ತಡವಾಗಿದ್ದಿತು. ಹುಡುಗನನ್ನು ಗಂಡಸಾಗಿಸುವ ರಸಗಳ ಏರಿಳಿತ ಅವರ ರಕ್ತದಲ್ಲಿ ತಾಳ ತಪ್ಪಿದ್ದಿತು. ೨೦೧೧ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರವೂ, ಮೇ ೧೩ರಂದು ಇಡೀ ದೇಶಕ್ಕೆ ಅನ್ವಯವಾಗುವಂತೆ ಸುಪ್ರೀಂ ಕೋರ್ಟೂ ಎಂಡೋಸಲ್ಫಾನನ್ನು ನಿಲ್ಲಿಸಿದುವು. ಮೇಷ್ಟರು ಸೌತಡ್ಕಕ್ಕೆ ಹೋದುದು ಪತ್ರಿಕೆಗಳಲ್ಲಿ ಇದೆಲ್ಲ ಬರುತ್ತಿದ್ದ ದಿನಗಳಲ್ಲಿ. ಅವರು ಪತ್ರಿಕೆಯನ್ನು ಓದಿದ್ದರು. ಓದುವುದು ಬೇರೆ, ಚಾಪೆಯ ಮೇಲಿನ ಹುಡುಗನನ್ನು ನೋಡುವುದು ಬೇರೆ.

ಊರಿಗೆ ಮರಳಿದ ಮೇಲೆ ಆ ಪ್ರಶ್ನೆ ಅವರನ್ನು ಬಿಡಲಿಲ್ಲ. ಸಾಯಿಸುವ ವಿಷ ಅವರಿಗೆ ಗೊತ್ತು. ತಾವೇ ಬೇರಿಗೆ ಕಟ್ಟಿದ ಮಾನೊಕ್ರೊಟೊಫಾಸ್ ಅಂಥದು. ೧೯೯೫–೯೬ರಲ್ಲಿ ಅರ್ಜೆಂಟೀನಾ ದೇಶದ ಹೊಲಗಳಲ್ಲಿ ಮಿಡತೆಗಳಿಗೆಂದು ಅದನ್ನು ಹೊಡೆದಾಗ, ಆ ಮಿಡತೆಗಳನ್ನು ತಿಂದ ವಲಸೆಯ ಗಿಡುಗಗಳು ಸಾವಿರಗಟ್ಟಲೆ ಮರಗಳ ಕೆಳಗೆ ಬಿದ್ದು ಸತ್ತುವು. ಅದು ಕಣ್ಣಿಗೆ ಕಾಣುವ ಸಾವು. ಹೆಣಗಳನ್ನು ಎಣಿಸಬಹುದು, ಕಂಪನಿಯವರನ್ನು ಕೇಳಬಹುದು. ಕೊಲ್ಲದೆ ಕೆಡಿಸುವ ಈ ಇನ್ನೊಂದು ಬಗೆ ಏನು?

ಉತ್ತರ ತಂದುಕೊಟ್ಟವಳು ಮೊಮ್ಮಗಳು. ಪಂಚಾಂಗದ ಅಂಚಿನಲ್ಲಿ ಹೆರಿಗೆಯಾಗಿ ದಾಖಲಾದವಳೇ ಈಗ ಮೈಸೂರಿನಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್‌ಸಿ. ಓದುತ್ತಿರುವಳು. ರಜೆಗೆ ಬಂದಾಗ ಜಗಲಿಯ ಮೇಲೆ ತಾತನಿಗೆ ಪಾಠ. ಪಾಠ ಹೇಳಿಯೇ ಆಯುಷ್ಯ ಕಳೆದವರಿಗೆ ಪಾಠ ಹೇಳುವುದು ಸುಲಭವಲ್ಲ.

“ತಾತ, ನಮ್ಮ ಮೈಯೊಳಗೆ ನಿರ್ನಾಳ ಗ್ರಂಥಿಗಳು ಅಂತ ಇವೆ. ಅವು ರಕ್ತದಲ್ಲಿ ಹಾರ್ಮೋನುಗಳನ್ನು ಬಿಡುತ್ತವೆ. ಒಂದೊಂದೂ ಒಂದೊಂದು ಓಲೆ ಇದ್ದ ಹಾಗೆ. ಬೆಳೆ, ನಿಲ್ಲು, ಗಂಡಾಗು, ಮೊಟ್ಟೆ ಕಟ್ಟು ಅಂತ ಬರೆದಿರುತ್ತದೆ. ಕೆಲವು ರಾಸಾಯನಿಕಗಳ ಆಕಾರ ಆ ಓಲೆಗಳನ್ನೇ ಹೋಲುತ್ತದೆ. ಮೈಗೆ ವ್ಯತ್ಯಾಸ ತಿಳಿಯುವುದಿಲ್ಲ, ಸುಳ್ಳು ಓಲೆಯನ್ನೇ ನಂಬಿ ನಡೆದುಕೊಳ್ಳುತ್ತದೆ. ಇನ್ನು ಕೆಲವು, ನಿಜವಾದ ಓಲೆ ಮನೆ ಸೇರದ ಹಾಗೆ ಬಾಗಿಲಿಗೆ ಅಡ್ಡ ನಿಲ್ಲುತ್ತವೆ.”

ಮೇಷ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಇದು ಚಂದ್ರಹಾಸನ ಕಥೆಯಮ್ಮಾ,” ಎಂದರು.

ಜೈಮಿನಿ ಭಾರತವನ್ನು ಕೇಳಿ ಬಲ್ಲವರಿಗೆ ಇದು ಒಡನೆಯೇ ಹೊಳೆಯುವುದು. ಓಲೆ ತಂದವನಿಗೆ ವಿಷವನ್ನು ಕೊಡು ಎಂದು ದುಷ್ಟಬುದ್ಧಿಯು ಮಗನಿಗೆ ಬರೆದು ಚಂದ್ರಹಾಸನ ಕೈಯಲ್ಲಿಯೇ ಕಳುಹಿಸುವನು. ಉಪವನದಲ್ಲಿ ನಿದ್ರಿಸುತ್ತಿದ್ದ ಅವನನ್ನು ಕಂಡ ವಿಷಯೆ, ಓಲೆಯನ್ನೋದಿ, ಕಣ್ಣ ಕಾಡಿಗೆಯಿಂದ ಒಂದಕ್ಷರವನ್ನು ತಿದ್ದುವಳು. ವಿಷವೆಂಬುದು ವಿಷಯೆಯಾಗುವುದು, ಸಾಯಬೇಕಾದವನಿಗೆ ಮದುವೆಯಾಗುವುದು. ಒಂದಕ್ಷರದಿಂದ ಒಂದು ರಾಜ್ಯದ ಗತಿಯೇ ಬದಲಾಯಿತು. ಜೀವಿಗಳ ಮೈಯಲ್ಲಿ ನಡೆಯುವುದು ಇದರ ತಿರುಗುಮುರುಗು. ಮದುವೆಯ ಓಲೆ ಹೊರಟಿರುವುದು. ದಾರಿಯಲ್ಲಿ ಯಾರೋ ಅದನ್ನು ವಿಷವೆಂದು ತಿದ್ದುವರು.

ಮೊಮ್ಮಗಳು ಹೇಳಿದ ದೃಷ್ಟಾಂತಗಳಲ್ಲಿ ಒಂದು ಮೇಷ್ಟರನ್ನು ಬೆಚ್ಚಿಬೀಳಿಸಿತು. ಅಮೆರಿಕದ ಫ್ಲಾರಿಡಾ ಪ್ರಾಂತದಲ್ಲಿ ಅಪಾಪ್ಕ ಎಂಬ ದೊಡ್ಡ ಸರೋವರವಿದೆ. ಸುತ್ತಲಿನ ಹೊಲಗಳಿಂದ ಕೀಟನಾಶಕಗಳು ಅದಕ್ಕೆ ಹರಿಯುತ್ತಲೇ ಇದ್ದುವು. ಸಾಲದೆಂಬಂತೆ ೧೯೮೦ರಲ್ಲಿ ದಡದ ಬಳಿಯ ಕಾರ್ಖಾನೆಯೊಂದರಿಂದ ಭಾರಿ ಪ್ರಮಾಣದ ಕೀಟನಾಶಕ ಸೋರಿ ನೀರನ್ನು ಸೇರಿತು. ಮುಂದಿನ ಕೆಲವು ವರ್ಷಗಳಲ್ಲಿ ಅಲ್ಲಿನ ಅಲಿಗೇಟರ್ ಮೊಸಳೆಗಳ ಮರಿಗಳು ಹತ್ತರಲ್ಲಿ ಒಂದು ಪಾಲಿಗೆ ಇಳಿದುವು. ಆಮೇಲೆ ನೀರನ್ನು ಪರೀಕ್ಷಿಸಿದರೆ ವಿಷ ಹೆಚ್ಚೇನೂ ಇಲ್ಲ. ದೊಡ್ಡ ಮೊಸಳೆಗಳು ಹಾಯಾಗಿ ಬಿಸಿಲು ಕಾಯುತ್ತಿವೆ. ಆದರೆ ಇಟ್ಟ ಮೊಟ್ಟೆಗಳು ಒಡೆಯವು. ಒಡೆದು ಬಂದ ಗಂಡು ಮರಿಗಳಲ್ಲಿ ಗಂಡಿನ ಹಾರ್ಮೋನು ಹೆಣ್ಣು ಮರಿಗಳಲ್ಲಿರುವಷ್ಟಕ್ಕೆ ಕುಸಿದಿದೆ, ಜನನಾಂಗಗಳು ಕುಗ್ಗಿವೆ. ಹೆಣ್ಣು ಮರಿಗಳಲ್ಲಿ ಹೆಣ್ಣಿನ ಹಾರ್ಮೋನು ಅತಿಯಾಗಿದೆ. ಲೂಯಿ ಗಿಯೆಟ್ ಎಂಬ ವಿಜ್ಞಾನಿಯ ತಂಡವು ೧೯೯೪ರಲ್ಲಿ ಇದನ್ನು ಪ್ರಕಟಿಸಿದಾಗ ಲೋಕವೇ ಬೆರಗಾಯಿತು. ತಾಯಿಯ ಮೈಯ ಕೊಬ್ಬಿನಲ್ಲಿ ಸೇರಿದ ಅಂಶ ಮೊಟ್ಟೆಯ ಲೋಳೆಗೆ ಇಳಿದು, ಮರಿ ಗಂಡೋ ಹೆಣ್ಣೋ ಎಂದು ನಿಶ್ಚಯವಾಗುವ ಗಳಿಗೆಯಲ್ಲಿಯೇ ಸುಳ್ಳು ಓಲೆಯನ್ನು ತಲುಪಿಸಿದ್ದಿತು.

“ಸೋರಿದ ಔಷಧ ಯಾವುದಮ್ಮಾ?”

“ಡೈಕೋಫಾಲ್, ತಾತ. ಅದನ್ನು ಡಿಡಿಟಿಯಿಂದಲೇ ತಯಾರಿಸುತ್ತಾರೆ. ಅಲ್ಲಿ ಸೋರಿದ್ದರಲ್ಲಿ ಡಿಡಿಟಿಯೂ ಬೆರೆತಿತ್ತು.”

ಮೇಷ್ಟರು ಎದ್ದು ಒಳಗೆ ಹೋದರು. ಅಟ್ಟದ ಕಂಬದ ಹಿಂದಿನ ಗೂಡಿನಲ್ಲಿ, ಹಳೆಯ ಕತ್ತರಿ, ಸುತ್ತಿಗೆಗಳ ಜೊತೆ, ನುಸಿಯ ಕಾಲದ ಖಾಲಿ ಬಾಟಲಿಯೊಂದು ಇನ್ನೂ ಉಳಿದಿದ್ದಿತು. ಹೆಸರಿನ ಚೀಟಿಯಲ್ಲಿ ಅರ್ಧ ಇರುವೆ ತಿಂದಿದ್ದರೂ ಅಕ್ಷರಗಳು ಓದುವಂತಿದ್ದುವು.

ಇದರಿಂದ, ಮೇಷ್ಟರು ಸಿಂಪಡಿಸಿದ ಡೈಕೋಫಾಲಿನಿಂದಲೇ ಅವರ ತೋಟದ ಕಪ್ಪೆ ಮೌನವಾಯಿತೆಂದು ಹೇಳಿದರೆ ಅದು ನ್ಯಾಯವಲ್ಲ. ಮೊಮ್ಮಗಳೂ ಹಾಗೆ ಹೇಳಲಿಲ್ಲ. ಆದರೆ ಕಪ್ಪೆಯಷ್ಟು ಹಾರ್ಮೋನಿನ ಕೈಗೊಂಬೆಯಾದ ಪ್ರಾಣಿ ಇನ್ನೊಂದಿಲ್ಲವೆಂಬುದನ್ನು ಅವಳು ವಿವರಿಸಿದಳು. ಗೊದಮೊಟ್ಟೆಯು ಬಾಲ ಕಳೆದುಕೊಂಡು ಕಾಲು ಮೂಡಿಸಿಕೊಳ್ಳುವುದು ಕುತ್ತಿಗೆಯ ಥೈರಾಯ್ಡ್ ಗ್ರಂಥಿಯ ಆಜ್ಞೆಯಿಂದ. ೧೯೧೨ರಲ್ಲಿಯೇ ಗುಡರ್ನಾಟ್ಶ್ ಎಂಬಾತನು ಗೊದಮೊಟ್ಟೆಗಳಿಗೆ ಕುದುರೆಯ ಥೈರಾಯ್ಡನ್ನು ತಿನ್ನಿಸಿ, ಅವು ಕಾಲಕ್ಕೆ ಮೊದಲೇ ನೊಣದ ಗಾತ್ರದ ಕಪ್ಪೆಗಳಾದುದನ್ನು ತೋರಿಸಿದ್ದನು. ಮೊದಲ ಮಳೆಗೆ ದೊಡ್ಡ ಗಂಡುಗಪ್ಪೆಗಳು ಮದುಮಗನಂತೆ ಹಳದಿ ಬಣ್ಣ ತಾಳಿ, ಗಲ್ಲದ ಎರಡು ಬದಿಗೂ ನೀಲಿಯ ಚೀಲಗಳನ್ನು ಉಬ್ಬಿಸಿ ಕೂಗುವುದೂ ಅಂಥ ಆಜ್ಞೆಯಿಂದಲೇ. ಸಾಲದುದಕ್ಕೆ ಅದು ನೀರನ್ನು ಬಾಯಿಂದ ಕುಡಿಯದೆ ಚರ್ಮದಿಂದ ಹೀರುವುದು. ಪಾತಿಯ ನೀರಿನಲ್ಲಿ ಏನಿದ್ದರೆ ಅದು ಕಪ್ಪೆಯ ರಕ್ತದಲ್ಲಿ. ತೋಟದ ಅಂಚಿನ ಬೇಲಿಯಲ್ಲಿ ರಾತ್ರಿ ಹೊತ್ತು ದೊಡ್ಡ ಕಣ್ಣು ಬಿಟ್ಟುಕೊಂಡು ಹುಳು ಹಿಡಿಯುವ ಕಾಡುಪಾಪ, ಹುಳು ತಿಂದ ಕಪ್ಪೆಯನ್ನು ತಿನ್ನುವ ಹಾವು, ಹಾವನ್ನು ತಿನ್ನುವ ನವಿಲು, ಇವೆಲ್ಲ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತವು. ಮೊದಲ ಎಲೆಗೆ ಬಡಿಸಿದ್ದು ಕೊನೆಯ ಎಲೆಗೆ ಬರುವಾಗ ಹೆಚ್ಚಾಗಿಯೇ ಬರುವುದು.

ಭಾರತ ಸರಕಾರವು ೨೦೨೩ರಲ್ಲಿ ಡೈಕೋಫಾಲನ್ನು ನಿಷೇಧಿಸಿತು. ಮಾನೊಕ್ರೊಟೊಫಾಸಿನ ಪ್ರಚಲಿತ ರೂಪಕ್ಕೂ ಅದೇ ಆಜ್ಞೆಯಲ್ಲಿ ಕೊನೆ ಹೇಳಿತು. ಮೇಷ್ಟರು ಆ ಸುದ್ದಿಯನ್ನು ಕತ್ತರಿಸಿ ಆ ವರ್ಷದ ಪಂಚಾಂಗದೊಳಗೆ ಇಟ್ಟಿರುವರು. ಡಿಡಿಟಿಯನ್ನು ಹರಸಿದ ಊರು, ಬಿಎಚ್‌ಸಿಯನ್ನು ಹರಸಿದ ಊರು, ಡೈಕೋಫಾಲನ್ನು ಹರಸಿದ ಊರು. ಪ್ರತಿಯೊಂದನ್ನೂ ತಂದಾಗ ನಿರಪಾಯವೆಂದರು, ಬಿಡುವಾಗ ಅಪಾಯವೆಂದರು. ನಡುವಿನ ವರ್ಷಗಳು ಮಾತ್ರ ರೈತನ ಲೆಕ್ಕಕ್ಕೆ.

ಇಷ್ಟೆಲ್ಲ ತಿಳಿದವರಿಗೆ ಮುಂದಿನ ದಾರಿ ಸುಲಭವಾಗಿರಬೇಕೆಂದು ಓದುಗರು ಎಣಿಸಬಹುದು. ಮೇಷ್ಟರ ಮಗನನ್ನು ಕೇಳಬೇಕು. ತೋಟದ ಭಾರ ಈಗ ಅವನದು. ಕೊಳವೆ ಬಾವಿಗೆ ಮಾಡಿದ ಸೊಸೈಟಿಯ ಸಾಲವೂ ಅವನದೇ. ೨೦೧೬ರಲ್ಲಿ ಪೊಳ್ಳಾಚಿಯ ಕಡೆ ಮೊದಲು ಕಂಡ ಸುರುಳಿ ಬಿಳಿನೊಣ ಈಗ ಈ ಸೀಮೆಯ ಗರಿಗಳ ಅಡಿಯಲ್ಲಿಯೂ ಹಿಟ್ಟು ಚೆಲ್ಲಿದಂತೆ ಕೂತಿದೆ. ಅದರ ಅಂಟು ಕೆಳಗಿನ ಗರಿಗಳ ಮೇಲೆ ಸುರಿದು, ಮಸಿ ಹಿಡಿದು, ತೋಟವೆಲ್ಲ ಬೆಂಕಿಯ ಹೊಗೆ ಕುಡಿದಂತೆ ಕಪ್ಪಾಗಿದೆ. ಕಾಂಡದಿಂದ ರಸ ಸೋರುವ ರೋಗ ಒಂದು ಕಡೆ, ಕಪ್ಪುತಲೆ ಹುಳು ಇನ್ನೊಂದು ಕಡೆ. ಕಳೆದ ವರ್ಷ ಅವನು ಪೇಟೆಯಿಂದ ಹೊಸ ಹೆಸರಿನ ಒಂದು ಬಾಟಲಿಯನ್ನು ತಂದು ಜಗಲಿಯ ಮೇಲಿಟ್ಟನು.

“ಅಪ್ಪಾ, ನಾಳೆ ಹೊಡೆಸಿಬಿಡೋಣ. ಪಕ್ಕದ ತೋಟದವರೆಲ್ಲ ಹೊಡೆಸಿದ್ದಾರೆ.”

“ಸ್ವಲ್ಪ ತಾಳಪ್ಪಾ. ಬಿಳಿನೊಣಕ್ಕೆ ಔಷಧ ಹೊಡೆಯಬೇಡಿ, ಹೊಡೆದರೆ ಅದನ್ನು ತಿನ್ನುವ ಕಣಜವೂ ಸಾಯುತ್ತದೆ ಅಂತ ತೋಟದ ಬೆಳೆಗಳ ಸಂಶೋಧನೆ ಮಾಡುವವರೇ ಹೇಳುತ್ತಿದ್ದಾರೆ.”

“ತಾಳಬಹುದು. ಸೊಸೈಟಿಯವರು ತಾಳುತ್ತಾರೆಯೇ? ನೀವು ಪಿಂಚಣಿಯವರು, ನಿಮಗೇನು!”

ಆ ಮಾತು ಸುಳ್ಳಲ್ಲ. ಸುಳ್ಳಲ್ಲವಾದುದರಿಂದಲೇ ಎರಡು ದಿನ ತಂದೆ ಮಗ ಮಾತಾಡಲಿಲ್ಲ. ಸಂಬಳದವರಿಗೆ ಪರಿಸರದ ಪ್ರೀತಿ ಬೇಗ ಬರುವುದು. ಸಾಲದವರನ್ನು ಅದಕ್ಕಾಗಿ ಬೈಯುವ ಹಕ್ಕು ಅವರಿಗೆ ಅಷ್ಟು ಬೇಗ ಬರಲಾರದು. ಮೇಷ್ಟರಿಗೆ ಇದು ಗೊತ್ತು. ಮಗಳ ಮದುವೆಯ ವರ್ಷ ತಾವು ಬೇರಿಗೆ ಕಟ್ಟಿದ ಚೀಲಗಳನ್ನು ಅವರು ಮರೆತಿಲ್ಲ. ಮೂರನೆಯ ದಿನ ತಮ್ಮ ಪಿಂಚಣಿಯ ಹಣದಿಂದ ಆ ವರ್ಷದ ಕಂತನ್ನು ಕಟ್ಟಿಬಂದು, ರಸೀದಿಯನ್ನು ಬಾಟಲಿಯ ಪಕ್ಕದಲ್ಲಿಟ್ಟರು. ಮಗನು ಬಾಟಲಿಯನ್ನು ಎತ್ತಿ ಅಟ್ಟದ ಗೂಡಿನಲ್ಲಿ ಹಳೆಯದರ ಜೊತೆಗೆ ಇಟ್ಟನು. ಹಿಂದಿರುಗಿಸಲಿಲ್ಲ, ಒಡೆಯಲೂ ಇಲ್ಲ.

ಅದೇ ವಾರ ಮೊಮ್ಮಗಳು ಫೋನಿನಲ್ಲಿ ಇನ್ನೊಂದು ಕೆರೆಯ ಕಥೆ ಹೇಳಿದಳು. ಕೆನಡಾ ದೇಶದ ವಿಜ್ಞಾನಿಗಳು ಒಂದು ಇಡೀ ಸಣ್ಣ ಸರೋವರಕ್ಕೆ ೨೦೦೧ರಿಂದ ಮೂರು ಬೇಸಗೆ, ಗರ್ಭನಿರೋಧಕ ಗುಳಿಗೆಯಲ್ಲಿರುವ ಹಾರ್ಮೋನನ್ನು ಬೆರೆಸಿ ನೋಡಿದರು. ಬೆರೆಸಿದ್ದು ಲೀಟರಿಗೆ ಒಂದು ಗ್ರಾಮಿನ ಇನ್ನೂರು ಕೋಟಿಯಲ್ಲಿ ಸುಮಾರು ಹತ್ತು ಪಾಲಿನಷ್ಟು. ಊರೊಳಗಿನ ಚರಂಡಿ ಸೇರುವ ನದಿಗಳಲ್ಲಿ ಕಾಣುವಷ್ಟೇ. ಗಂಡು ಮೀನುಗಳ ಮೈಯಲ್ಲಿ ಮೊಟ್ಟೆಯ ಲೋಳೆಯ ಸತ್ವ ಉತ್ಪತ್ತಿಯಾಯಿತು. ಒಂದು ಜಾತಿಯ ಚಿಕ್ಕ ಮೀನು ಹೆಚ್ಚುಕಡಿಮೆ ನಿರ್ವಂಶವಾಯಿತು. ಒಂದು ಮೀನನ್ನೂ ಕೊಲ್ಲದೆ ನಡೆದ ನಿರ್ವಂಶ.

“ಆಮೇಲೆ?” ಎಂದರು ಮೇಷ್ಟರು.

“ಬೆರೆಸುವುದನ್ನು ನಿಲ್ಲಿಸಿದರು. ಕೆಲವು ವರ್ಷಗಳಲ್ಲಿ ಮೀನು ಮೊದಲಿನಷ್ಟೇ ಆಯಿತಂತೆ ತಾತ.”

ಈ ವರ್ಷದ ಭರಣಿ ಮಳೆ ರಾತ್ರಿ ಹತ್ತು ಗಂಟೆಗೆ ಹಿಡಿದು ಹನ್ನೆರಡಕ್ಕೆ ಬಿಟ್ಟಿತು. ಮೇಷ್ಟರು ಲಾಂದ್ರ ಹಿಡಿದು ಜಗಲಿಗೆ ಬಂದು ಕುಳಿತರು; ಪತ್ನಿಯೂ ಶಾಲು ಹೊದ್ದು ಬಂದರು. ನೀರು ಗರಿಗಳಿಂದ ತೊಟ್ಟಿಕ್ಕುತ್ತಿದ್ದಿತು. ತುಂಬ ಹೊತ್ತಿನ ಮೇಲೆ ಬಾವಿಯ ಕಡೆಯಿಂದ ಒಂದು ಕೂಗು ಬಂತು. ಸ್ವಲ್ಪ ತಡೆದು ಅದೇ ಕಡೆಯಿಂದ ಮತ್ತೊಮ್ಮೆ.

“ಕೇಳಿಸಿತೇನ್ರೀ? ಒಂದೇ ಅಲ್ಲವೇ?”

“ಒಂದೇ.”

ಮೇಷ್ಟರು ಪಂಚಾಂಗದ ಅಂಚಿನಲ್ಲಿ ‘ಭರಣಿ ಮಳೆ. ಕಪ್ಪೆ, ಒಂದು’ ಎಂದು ಬರೆದರು. ಮುಂದೆ ಜಾಗ ಬಿಟ್ಟರು.

ಬೆಳಗ್ಗೆ ಎದ್ದು ನೋಡಿದರೆ ಮಗನು ಕೆಳಗೆ ಬಿದ್ದ ಗರಿಯೊಂದನ್ನು ಮಗುಚಿ, ಅವರ ಓದುವ ಭೂತಗನ್ನಡಿಯನ್ನು ಹಿಡಿದು ಕುಳಿತಿದ್ದನು. ಬಿಳಿನೊಣದ ಮರಿಯೊಳಗೆ ಕಣಜವು ಮೊಟ್ಟೆಯಿಟ್ಟಿದ್ದರೆ ಆ ಮರಿ ಕಪ್ಪಾಗುವುದೆಂದು ಸೋದರ ಸೊಸೆ ಹೇಳಿದ್ದಳು. ಅವನು ತಲೆಯೆತ್ತದೆಯೇ ತಂದೆಗೆ ಹೇಳಿದನು:

“ಇದರಲ್ಲಿ ಕಪ್ಪು ಇವೆ ಅಪ್ಪಾ. ಆ ಬದಿಯ ಮರದ್ದರಲ್ಲಿ ಇರಲಿಲ್ಲ. ಬನ್ನಿ, ಎಣಿಸೋಣ.”